ಕಾದಿರುವವನ ಕೂಲಿ



ಯಾವುದಾದರೊಂದು ದೊಡ್ಡ ಕಾರ್ಖಾನೆಯನ್ನು ನೋಡಹೋದವರ ಕಣ್ಣು ಮೊದಲು ಹರಿಯುವುದು ಚಲನೆಯ ಕಡೆಗೆ. ತಿರುಗುವ ಚಕ್ರ, ಓಡುವ ಪಟ್ಟಿ, ಉರಿಯುವ ಕುಲುಮೆ, ಲೇತಿನ ಮುಂದೆ ಬೆವರು ಸುರಿಸುತ್ತ ನಿಂತ ಆಳು—ಇವನ್ನು ಕಂಡು, ಇಲ್ಲಿ ಕೆಲಸ ನಡೆಯುತ್ತಿದೆ ಎಂದು ನಾವು ತಲೆದೂಗುತ್ತೇವೆ. ಅದೇ ಕಾರ್ಖಾನೆಯ ಒಂದು ಮೂಲೆಯಲ್ಲಿ, ಬಾಯ್ಲರಿನ ಮಗ್ಗುಲಿಗೋ ವಿದ್ಯುತ್ತಿನ ಹಲಗೆಯ ಎದುರಿಗೋ, ಸುಮ್ಮನೆ ಕುಳಿತ ಮನುಷ್ಯನೊಬ್ಬನು ಇರುತ್ತಾನೆ. ಅವನ ಕೈ ಆಡುತ್ತಿಲ್ಲ. ಕಣ್ಣು ಮಾತ್ರ ಒಂದು ಮುಳ್ಳಿನ ಮೇಲಿದೆ. ಇನ್ನೊಬ್ಬನು ದೀಪವನ್ನೂ ಸಣ್ಣದೊಂದು ಸುತ್ತಿಗೆಯನ್ನೂ ಹಿಡಿದು ಯಂತ್ರದಿಂದ ಯಂತ್ರಕ್ಕೆ ನಡೆಯುತ್ತ, ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಪುಸ್ತಕದಲ್ಲಿ ಏನನ್ನೋ ಗುರುತುಹಾಕಿಕೊಳ್ಳುತ್ತಾನೆ. ಮೂರನೆಯವನು ಕಾರ್ಖಾನೆಯಲ್ಲಿಯೇ ಇಲ್ಲ, ತನ್ನ ಮನೆಯಲ್ಲಿದ್ದಾನೆ. ಆದರೆ ಕರೆ ಬಂದೊಡನೆ ಹೊರಡಬೇಕೆಂಬ ಕಟ್ಟಳೆಗೆ ಒಳಪಟ್ಟಿರುವುದರಿಂದ ಅವನು ಆ ರಾತ್ರಿ ಊರು ಬಿಡುವಂತಿಲ್ಲ. ನೆಂಟರ ಮನೆಯ ಆರತಕ್ಷತೆಗೂ ಹೋಗುವಂತಿಲ್ಲ.

ಈ ಮೂವರಿಗೆ ನಿತ್ಯದ ಸಂಬಳದ ಮೇಲೆ ಏನನ್ನಾದರೂ ಕೊಡಬೇಕೆ? ಕೊಡಬೇಕಾದರೆ ಯಾವ ಲೆಕ್ಕದ ಮೇಲೆ? ಇದೇ ಈ ದಿನ ನಾವು ವಿಚಾರಮಾಡತಕ್ಕ ವಿಷಯ. ಕೇಳುವುದಕ್ಕೆ ಇದು ಯಾವುದೋ ಕಛೇರಿಯ ಗುಮಾಸ್ತೆಯು ಇತ್ಯರ್ಥಮಾಡಬಹುದಾದ ಸಣ್ಣ ಬಾಬಿನಂತೆ ತೋರಬಹುದು. ಆದರೆ ನಗರಗಳಲ್ಲಿ ನಾವು ಕುಡಿಯುವ ನೀರು, ನಮ್ಮ ಮನೆಯ ದೀಪ, ನಾವು ಪ್ರಯಾಣಮಾಡುವ ರೈಲು, ಇವೆಲ್ಲವೂ ಈ ಮೂವರ ಎಚ್ಚರವನ್ನು ಆಶ್ರಯಿಸಿವೆ. ಎಚ್ಚರಕ್ಕೆ ಬೆಲೆ ಕಟ್ಟುವುದರಲ್ಲಿ ನಾವು ಮಾಡುವ ತಪ್ಪು ಹಲವು ವರ್ಷ ಕಣ್ಣಿಗೆ ಬೀಳದೆ ಇದ್ದು, ಒಂದು ರಾತ್ರಿ ಒಟ್ಟಿಗೆ ಪ್ರಕಟವಾಗುತ್ತದೆ.

ಈ ಪ್ರಶ್ನೆ ಯಂತ್ರಗಳೊಂದಿಗೆ ಹುಟ್ಟಿದ್ದೆಂದು ಭಾವಿಸಬೇಕಾಗಿಲ್ಲ. ನಮ್ಮ ಹಳ್ಳಿಗಳ ಆಯಗಾರ ಪದ್ಧತಿಯನ್ನು ನೆನಪಿಗೆ ತಂದುಕೊಳ್ಳೋಣ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ವಿಲ್ಕ್ಸ್ ಅವರು 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸಗ್ರಂಥದಲ್ಲಿ ಹಳ್ಳಿಯ ಹನ್ನೆರಡು ಮಂದಿ ಆಯಗಾರರನ್ನು ಎಣಿಸಿದ್ದಾರೆ. ಅವರೊಳಗೆ ಕಮ್ಮಾರ, ಬಡಗಿ, ಕುಂಬಾರರು ಕೈಯಿಂದ ವಸ್ತುವನ್ನು ಮಾಡಿಕೊಡತಕ್ಕವರು. ಅವರಿಗೆ ಕೊಡುವ ಧಾನ್ಯ ಇಂಥ ಗುಳಕ್ಕೆ, ಇಂಥ ಮಡಕೆಗೆ ಎಂದು ಹೇಳಬಹುದು. ತಳವಾರ, ತೋಟಿ, ನೀರುಗಂಟಿಗಳ ವಿಷಯದಲ್ಲಿ ಹಾಗೆ ಹೇಳಲಾಗದು. ನೀರುಗಂಟಿಯು ಮಾಡಿಕೊಡುವ ವಸ್ತು ಯಾವುದು? ಕೆರೆಯ ತೂಬನ್ನು ತೆಗೆಯುವುದೂ ಮುಚ್ಚುವುದೂ ಅವನ ಕೈಕೆಲಸ; ಅದಕ್ಕೆ ಹಿಡಿಯುವ ಹೊತ್ತು ಎಷ್ಟು ಮಾತ್ರದ್ದು! ಅವನ ನಿಜವಾದ ಕೆಲಸವು ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ನಡೆದು, ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಇಲಿಯ ಬಿಲ ಬಿದ್ದಿದೆ, ಕೋಡಿಯಲ್ಲಿ ಕಸ ಕಟ್ಟಿದೆಯೋ ಇಲ್ಲವೋ ಎಂದು ನೋಡುವುದು. ಏರಿ ಒಡೆಯದ ವರ್ಷ, ಇವನಿಗೆ ಏತಕ್ಕೆ ಆಯವೆಂದು ಯಾವ ಒಕ್ಕಲಿಗನೂ ಕಣದಲ್ಲಿ ಕೇಳಲಿಲ್ಲ. ಏರಿ ಒಡೆಯದಿದ್ದುದರಿಂದಲೇ ಕಣದಲ್ಲಿ ರಾಶಿಯಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಹಳೆಯದನ್ನೆಲ್ಲ ಹೊಗಳುವುದು ನಮ್ಮ ಉದ್ದೇಶವಲ್ಲ. ತೋಟಿ ತಳವಾರರ ಸೇವೆ ಹುಟ್ಟಿನಿಂದ ಬಂದ ಕಟ್ಟು. ಬೇಡವೆಂದು ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಅವರನ್ನು ಊರು ನಡೆಸಿಕೊಂಡ ರೀತಿಯೂ ಗೌರವದ್ದಾಗಿರಲಿಲ್ಲ. ಆದರೆ ಕಾದಿರುವುದೂ ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ದುಡಿಮೆ ಎಂಬ ಒಂದು ಅಂಶದಲ್ಲಿ ನಮ್ಮ ಕಣದ ಲೆಕ್ಕವು ಗಿರಣಿಯ ಲೆಕ್ಕಕ್ಕಿಂತ ಮುಂದಿತ್ತೆಂದೇ ಹೇಳಬೇಕು.

ಗಿರಣಿ ಬಂದಮೇಲೆ ಕೂಲಿಯು ತುಂಡಿನ ಲೆಕ್ಕಕ್ಕೆ ಬಿತ್ತು. ಇಷ್ಟು ಗಜ ಬಟ್ಟೆಗೆ ಇಷ್ಟು ಕಾಸು. ನಿಗದಿಗಿಂತ ಹೆಚ್ಚು ಉತ್ಪತ್ತಿಮಾಡಿದರೆ ಇಷ್ಟು ಇನಾಮು. ನೇಯುವವನಿಗೆ ಈ ಲೆಕ್ಕ ಒಪ್ಪುತ್ತದೆ. ಬಾಯ್ಲರನ್ನು ಕಾಯುವವನು ಎಷ್ಟು ಗಜ ನೇಯ್ದನು? ಬೆಂಕಿಯನ್ನಾರಿಸಲು ಸಿದ್ಧನಾಗಿರುವವನು ಬೆಂಕಿ ಬೀಳದ ತಿಂಗಳಲ್ಲಿ ಏನನ್ನು ಉತ್ಪತ್ತಿಮಾಡಿದನು? ತುಂಡಿನ ಲೆಕ್ಕಕ್ಕೆ ಒಗ್ಗದ ಈ ಜನರನ್ನು ಯಜಮಾನರು ಖರ್ಚಿನ ಬಾಬಿಗೆ ಸೇರಿಸಿಬಿಟ್ಟರು. ಖರ್ಚಿನ ಬಾಬೆಂದರೆ, ಕಷ್ಟಕಾಲದಲ್ಲಿ ಮೊದಲು ಕತ್ತರಿ ಬೀಳುವ ಬಾಬು.

ಈ ತಕರಾರು ಸ್ಪಷ್ಟವಾಗಿ ನ್ಯಾಯಸ್ಥಾನದ ಮುಂದೆ ಬಂದುದು ಅಮೆರಿಕದಲ್ಲಿ, 1944ರಲ್ಲಿ. ಟೆಕ್ಸಾಸಿನ ಫೋರ್ಟ್‌ವರ್ತ್ ಎಂಬ ಊರಿನಲ್ಲಿ ಸ್ವಿಫ್ಟ್ ಕಂಪೆನಿಯವರ ಮಾಂಸ ಸಂಸ್ಕರಣದ ಕಾರ್ಖಾನೆಯೊಂದಿತ್ತು. ಅಲ್ಲಿಯ ಏಳು ಮಂದಿ ಕೆಲಸಗಾರರು ಹಗಲಿನಲ್ಲಿ ಬೆಂಕಿಯಾರಿಸುವ ಸಲಕರಣೆಗಳನ್ನು ಪರೀಕ್ಷಿಸಿ ಸುಸ್ಥಿತಿಯಲ್ಲಿಡುತ್ತಿದ್ದರು. ಅದಕ್ಕೆ ವಾರದ ಸಂಬಳ. ಅದಲ್ಲದೆ ವಾರದಲ್ಲಿ ಮೂರೂವರೆಯಿಂದ ನಾಲ್ಕು ರಾತ್ರಿ ಅವರು ಕಾರ್ಖಾನೆಯ ಆವರಣದಲ್ಲಿಯೇ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಇರಬೇಕಾಗಿತ್ತು. ಕಂಪೆನಿಯವರು ಅವರಿಗೆ ಇಟ್ಟಿಗೆಯ ಕಟ್ಟಡವನ್ನೂ ಹಾಸಿಗೆಗಳನ್ನೂ ಕೊಟ್ಟಿದ್ದರು. ಬಿಲಿಯರ್ಡ್ಸಿನಂಥ ಆಟದ ಮೇಜನ್ನೂ ರೇಡಿಯೋವನ್ನೂ ಇಟ್ಟಿದ್ದರು. ಗಂಟೆ ಬಾರಿಸಿದರೆ ಏಳಬೇಕು. ಬಾರಿಸದಿದ್ದರೆ ಬೇರೆ ಕೆಲಸವಿಲ್ಲ. ಗಂಟೆ ಬಾರಿಸಿದಾಗ, ಒಂದೊಂದು ಸಲಕ್ಕೆ, ಮೊದಲು 50 ಸೆಂಟು, ಅನಂತರ 64 ಸೆಂಟು. ಗಂಟೆ ಬಾರಿಸುತ್ತಿದ್ದುದೇ ಅಪರೂಪ. ಹೀಗೆ ರಾತ್ರಿಯೆಲ್ಲ ಕಾದವನಿಗೆ ಬಹುಮಟ್ಟಿಗೆ ದೊರೆತದ್ದು ಏನೂ ಇಲ್ಲ.

ಕೆಳಗಿನ ನ್ಯಾಯಸ್ಥಾನಗಳು, ಮಲಗಿಯೂ ಆಟವಾಡಿಯೂ ಕಳೆದ ಹೊತ್ತು ದುಡಿಮೆಯಾಗಲಾರದೆಂದು ತೀರ್ಮಾನಿಸಿದುವು. ಸುಪ್ರೀಂ ಕೋರ್ಟು ಅದನ್ನೊಪ್ಪಲಿಲ್ಲ. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ನರು ಬರೆದ ತೀರ್ಪಿನ ತಾತ್ಪರ್ಯವಿಷ್ಟು: ಕಾದಿರುವ ಹೊತ್ತು ದುಡಿಮೆಯಲ್ಲವೆಂಬ ನಿಯಮ ಕಾನೂನಿನಲ್ಲೆಲ್ಲಿಯೂ ಇಲ್ಲ, ಒಬ್ಬನನ್ನು ಕಾಯುವುದಕ್ಕಾಗಿಯೇ ನೇಮಿಸಿಕೊಂಡಿದ್ದಾರೆಯೆ, ಅಥವಾ ಅವನು ನೇಮಕವಾಗುವುದನ್ನು ಕಾಯುತ್ತಿದ್ದಾನೆಯೆ ಎಂಬುದನ್ನು ಆಯಾ ಸಂದರ್ಭದ ಸಂಗತಿಗಳಿಂದ ತಿಳಿಯಬೇಕು. ಅದೇ ದಿನ ಇತ್ಯರ್ಥವಾದ ಇನ್ನೊಂದು ವ್ಯಾಜ್ಯದಲ್ಲಿ, ಚಿಕಾಗೋ ನಗರದ ಆರ್ಮರ್ ಕಂಪೆನಿಯ ಸಾಬೂನಿನ ಕಾರ್ಖಾನೆಯ ಬೆಂಕಿ ಕಾವಲಿನವರಿಗೆ, ನಿದ್ರೆಯ ಮತ್ತು ಊಟದ ಹೊತ್ತನ್ನು ಕಳೆದು ಉಳಿದ ಹೊತ್ತಿಗೆಲ್ಲ ಕೂಲಿ ಸಲ್ಲಬೇಕೆಂಬ ತೀರ್ಪು ಸ್ಥಿರವಾಯಿತು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಯಜಮಾನನು ಆ ರಾತ್ರಿಗಳಲ್ಲಿ ಕೊಂಡದ್ದು ಆಳಿನ ತೋಳಿನ ಬಲವನ್ನಲ್ಲ. ಅವನು ಬೇರೆಲ್ಲಿಯೂ ಇಲ್ಲದಿರುವಿಕೆಯನ್ನು. ಹೆಂಡತಿಮಕ್ಕಳ ಜೊತೆಯಲ್ಲಿ ಉಣ್ಣದಿರುವುದು, ತನ್ನ ಚಾಪೆಯ ಮೇಲೆ ಮಲಗದಿರುವುದು, ಸಂಜೆ ಪೇಟೆಗೆ ಹೋಗದಿರುವುದು: ಇವು ಆಳು ಮಾರಿದ ಸರಕು. ಕಾರ್ಖಾನೆಯವರು ಮೆತ್ತನೆಯ ಹಾಸಿಗೆಯನ್ನು ಹಾಕಿಕೊಟ್ಟಮಾತ್ರಕ್ಕೆ ಸರಕು ಪುಕ್ಕಟೆಯಾಗುವುದಿಲ್ಲ. ಆಟದ ಮೇಜನ್ನು ಮುಂದಿಟ್ಟು, ನೋಡಿ, ಇವರು ಸುಖವಾಗಿಯೇ ಇದ್ದಾರೆ ಎಂದು ವಾದಿಸಿದ ವಕೀಲರು ಮನೆಗೆ ಹೋಗಿ ತಮ್ಮ ಹಾಸಿಗೆಯಲ್ಲಿಯೇ ಮಲಗಿದ್ದಿರಬೇಕು!

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ವಿಸ್ತಾರವಾಗಿ ಎದುರಿಸಿದ್ದು ರೈಲ್ವೆ. 1947ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರು ಕೊಟ್ಟ ತೀರ್ಪಿನಲ್ಲಿ ರೈಲ್ವೆಯ ಕೆಲಸಗಳನ್ನು ಅವುಗಳ ಒತ್ತಡಕ್ಕನುಸಾರವಾಗಿ ವಿಂಗಡಿಸಿ ಹೊತ್ತನ್ನು ಗೊತ್ತುಮಾಡಲಾಯಿತು. ಆ ವಿಂಗಡಣೆಯೇ ಮುಂದೆ 1989ರ ರೈಲ್ವೆ ಕಾಯಿದೆಯಲ್ಲಿ ಸೇರಿಕೊಂಡಿತು. ಅದರ ಪ್ರಕಾರ, ಬಿಡುವಿಲ್ಲದೆ ಮನಸ್ಸಿಟ್ಟು ಮಾಡಬೇಕಾದ ತೀವ್ರವಾದ ಕೆಲಸಕ್ಕೆ ವಾರಕ್ಕೆ ಸರಾಸರಿ 45 ಗಂಟೆ, ಸಾಮಾನ್ಯವಾದ ಎಡೆಬಿಡದ ಕೆಲಸಕ್ಕೆ 54 ಗಂಟೆ, ನಡುನಡುವೆ ಬಿಡುವಿರುವ ಕೆಲಸಕ್ಕೆ 75 ಗಂಟೆ ಮಿತಿ. ಬಿಡುವಿರುವ ಕೆಲಸವೆಂದರೇನು? ಹನ್ನೆರಡು ಗಂಟೆಯ ಪಾಳಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಹೊತ್ತು ದೇಹದ ಚಟುವಟಿಕೆಯಾಗಲಿ, ನಿರಂತರವಾದ ಗಮನವಾಗಲಿ ಬೇಕಿಲ್ಲದಿರುವುದು. ಅದರಲ್ಲಿಯೂ ಒಂದು ಗಂಟೆಯ ಬಿಡುವೊಂದಾದರೂ, ಇಲ್ಲವೆ ಅರ್ಧ ಗಂಟೆಯ ಬಿಡುವುಗಳೆರಡಾದರೂ ಇರತಕ್ಕದ್ದು. ಈ ಲಕ್ಷಣವನ್ನು ಬರೆದವರು ದೇಹದ ಜೊತೆಗೆ ಗಮನವನ್ನೂ ಎಣಿಸಿದರೆಂಬುದು ಬಹಳ ಮೆಚ್ಚತಕ್ಕ ಸಂಗತಿ. ಮುಳ್ಳನ್ನು ನೋಡುತ್ತ ಕುಳಿತವನು ದೇಹದಿಂದ ಸುಮ್ಮನಿದ್ದರೂ ಗಮನದಿಂದ ಸುಮ್ಮನಿಲ್ಲ. ಆದುದರಿಂದ ಅವನನ್ನು ಬಿಡುವಿನ ವರ್ಗಕ್ಕೆ ತಳ್ಳುವುದು ಈ ಲಕ್ಷಣಕ್ಕೆ ವಿರೋಧ.

ಆದರೆ ಈ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಸಾಮಾನ್ಯ ಕೆಲಸಗಾರನಿಗಿಂತ ಬಿಡುವಿನ ವರ್ಗದವನ ಮಿತಿ ವಾರಕ್ಕೆ 21 ಗಂಟೆ ಹೆಚ್ಚು. ಮಿತಿಯನ್ನು ದಾಟಿದ ಮೇಲಲ್ಲವೆ ಇಮ್ಮಡಿ ದರ? ಅಂದರೆ ಊರಾಚೆಯ ಲೆವೆಲ್ ಕ್ರಾಸಿಂಗಿನಲ್ಲಿ ಒಂಟಿಯಾಗಿ ಗೇಟು ಕಾಯುವ ಒಬ್ಬನನ್ನು ಬಿಡುವಿನ ವರ್ಗಕ್ಕೆ ಸೇರಿಸಿದರೆ, ಬೇರೆಯವನಿಗೆ ಹೆಚ್ಚು ಕೂಲಿ ಆರಂಭವಾಗುವ ಹೊತ್ತಿನಲ್ಲಿ ಇವನಿಗೆ ಇನ್ನೂ ಮಾಮೂಲು ಕೆಲಸ. ಎರಡು ರೈಲುಗಳ ನಡುವಿನ ಮುಕ್ಕಾಲು ಗಂಟೆ ಅವನದೆಂದು ಕಾಗದ ಹೇಳುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಅವನು ಗೇಟನ್ನು ಬಿಟ್ಟು ಎಲ್ಲಿಗೆ ಹೋದಾನು? ರೈಲುಗಳು ಹೆಚ್ಚಿದಂತೆಲ್ಲ ಹಳೆಯ ವರ್ಗವನ್ನು ಹೊಸದಾಗಿ ಪರೀಕ್ಷಿಸಿ ಬದಲಾಯಿಸದಿದ್ದರೆ, ಕಾಗದದ ಮೇಲಿನ ಬಿಡುವು ಕಾಗದದ ಮೇಲೆಯೇ ಉಳಿಯುತ್ತದೆ. ಇದು ಕಾಯಿದೆಯ ದೋಷವೆನ್ನುವುದಕ್ಕಿಂತ ಅದನ್ನು ನಡೆಸುವವರ ಆಲಸ್ಯವೆನ್ನುವುದು ಸರಿ.

ಕಾರ್ಖಾನೆಗಳ ವಿಷಯಕ್ಕೆ ಬಂದರೆ, 1948ರ ಕಾರ್ಖಾನೆಗಳ ಕಾಯಿದೆಯು ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿದವನಿಗೆ ಇಮ್ಮಡಿ ದರದ ಕೂಲಿಯನ್ನು ವಿಧಿಸಿತು. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಸಂಹಿತೆಯೂ ಆ ಇಮ್ಮಡಿಯನ್ನು ಉಳಿಸಿಕೊಂಡಿತು. ಇದು ಒಳ್ಳೆಯದೇ. ಆದರೆ ಇಮ್ಮಡಿಯು ಹೆಚ್ಚುವರಿ ದುಡಿಮೆಗೆ. ದುಡಿಮೆಯೆಂದರೆ ಯಾವುದು, ಕಾದಿರುವುದು ಅದರೊಳಗೆ ಸೇರುವುದೆ ಎಂಬ ಮೂಲಪ್ರಶ್ನೆಯನ್ನು ದರವು ಬಿಡಿಸಲಾರದು. ಬಿಡುವಿನ ಕೆಲಸದವರಿಗೂ ತುರ್ತು ದುರಸ್ತಿಯವರಿಗೂ ಹೊತ್ತಿನ ನಿಯಮಗಳಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಆ 1948ರ ಕಾಯಿದೆಯೇ ಸರ್ಕಾರಗಳಿಗೆ ಕೊಟ್ಟಿತ್ತು. ವಿನಾಯಿತಿಗಳೆಲ್ಲ ಬಂದು ಸೇರಿದ್ದು ಮತ್ತೆ ಇದೇ ಜನರ ತಲೆಯ ಮೇಲೆ.

ಇನ್ನು ಮನೆಯಲ್ಲಿದ್ದು ಕಾಯುವವನ ಮಾತು. ಟೆಲಿಫೋನು ಬಂದಮೇಲೆ, ಅದರಲ್ಲಿಯೂ ಅದು ಜೇಬಿಗೇ ಬಂದಮೇಲೆ, ಇವನ ಕಷ್ಟ ಹೆಚ್ಚಿತು. ಯಜಮಾನನ ಕೈ ಕಾರ್ಖಾನೆಯ ಗೋಡೆಯನ್ನು ದಾಟಿ ಇವನ ದಿಂಬಿನ ಕೆಳಗೆ ಬಂದು ಕುಳಿತಿತು. ಈ ಬಗೆಯ ವ್ಯಾಜ್ಯವೊಂದು ಯೂರೋಪಿನ ಮೇಲ್ಮಟ್ಟದ ನ್ಯಾಯಸ್ಥಾನದ ಮುಂದೆ ಬಂದು 2021ರ ಮಾರ್ಚಿಯಲ್ಲಿ ಇತ್ಯರ್ಥವಾಯಿತು. ಅದು ಆಕಾಶವಾಣಿಯ ವಿಷಯವೇ ಆಗಿರುವುದರಿಂದ ಶ್ರೋತೃಗಳಿಗೆ ವಿಶೇಷವಾಗಿ ರುಚಿಸಬಹುದು. ಸ್ಲೊವೇನಿಯ ದೇಶದಲ್ಲಿ ಕ್ರ್‌ವಾವೆತ್ಸ್ ಎಂಬ ಪರ್ವತದ ಮೇಲೆ ಪ್ರಸಾರಕೇಂದ್ರವೊಂದಿದೆ. ಅಲ್ಲಿಯ ಯಂತ್ರಪರಿಣತನೊಬ್ಬನು ಹನ್ನೆರಡು ಗಂಟೆಯ ಪಾಳಿಯ ಜೊತೆಗೆ ದಿನಕ್ಕೆ ಆರು ಗಂಟೆ ಕರೆಗೆ ಸಿದ್ಧನಾಗಿರಬೇಕು; ಕರೆದರೆ ಒಂದು ಗಂಟೆಯೊಳಗೆ ಹಾಜರಾಗಬೇಕು. ದಾರಿ ದುರ್ಗಮವಾದದ್ದು, ಮನೆ ದೂರ. ಆದಕಾರಣ ಅವನು ಬೆಟ್ಟದ ಮೇಲೆಯೇ ಉಳಿಯುತ್ತಿದ್ದನು. ಆ ಆರು ಗಂಟೆಗಳಿಗೆ ಅವನಿಗೆ ದೊರೆಯುತ್ತಿದ್ದುದು ಮೂಲಸಂಬಳದ ನೂರಕ್ಕೆ 20ರ ದರ. ಪೂರ್ಣ ದುಡಿಮೆಯ ದರವೇ ಬೇಕೆಂಬುದು ಅವನ ಹಕ್ಕೊತ್ತಾಯ.

ಕರೆಗೆ ಓಗೊಡಲು ವಿಧಿಸಿದ ನಿರ್ಬಂಧಗಳು ಆ ಹೊತ್ತನ್ನು ಅವನು ತನ್ನಿಷ್ಟದಂತೆ ಕಳೆಯುವುದಕ್ಕೆ ಬಹಳಮಟ್ಟಿಗೆ ಅಡ್ಡಿಯಾದರೆ ಮಾತ್ರ ಆ ಹೊತ್ತೆಲ್ಲ ದುಡಿಮೆ ಎಂದು ನ್ಯಾಯಸ್ಥಾನ ಹೇಳಿತು. ಬೆಟ್ಟದ ಮೇಲೆ ಕಾಲಕಳೆಯುವ ಸಾಧನಗಳಿಲ್ಲವೆಂಬುದು ಯಜಮಾನನು ಹೇರಿದ ನಿರ್ಬಂಧವಲ್ಲ, ಪ್ರಕೃತಿಯದು. ಅದನ್ನು ಲೆಕ್ಕಕ್ಕೆ ಹಿಡಿಯಲಾಗದೆಂದೂ ಹೇಳಿತು. ಕೂಲಿಯ ದರವನ್ನು ಆಯಾ ದೇಶದ ಕಾನೂನಿಗೆ ಬಿಟ್ಟಿತು. ಇದಕ್ಕೆ ಮೂರು ವರ್ಷ ಹಿಂದೆ, 2018ರಲ್ಲಿ, ಬೆಲ್ಜಿಯಮಿನ ನಿವೆಲ್ ಪಟ್ಟಣದಲ್ಲಿ ಬೆಂಕಿಯಾರಿಸುವ ಪಡೆಯವನೊಬ್ಬನ ವಿಷಯದಲ್ಲಿ ಅದೇ ನ್ಯಾಯಸ್ಥಾನವು ಬೇರೆ ದಿಕ್ಕಿಗೆ ತೂಗಿತ್ತು. ಏಕೆಂದರೆ ಅವನು ಕರೆದ 8 ನಿಮಿಷದೊಳಗೆ ಠಾಣೆಯಲ್ಲಿರಬೇಕಾಗಿತ್ತು. ಎಂಟು ನಿಮಿಷದ ಹಗ್ಗ ಕೊರಳಲ್ಲಿರುವವನು ತನ್ನ ಮನೆಯಲ್ಲಿದ್ದರೂ ಠಾಣೆಯಲ್ಲಿದ್ದಂತೆಯೇ.

ಎಂಟು ನಿಮಿಷಕ್ಕೂ ಒಂದು ಗಂಟೆಗೂ ಇರುವ ಈ ಅಂತರದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆಯೆಂದು ನಾವು ನಂಬುತ್ತೇವೆ. ಬೆಲೆ ಕಟ್ಟಬೇಕಾದುದು ಮಾಡಿದ ಕೆಲಸಕ್ಕಲ್ಲ, ಹಗ್ಗದ ಉದ್ದಕ್ಕೆ. ಆವರಣದಲ್ಲಿಯೇ ಇರಬೇಕಾದವನಿಗೆ ಪೂರ್ಣ ದರ ಸಲ್ಲಬೇಕು; ಆ ಹೊತ್ತು ವಾರದ ಮಿತಿಯ ಲೆಕ್ಕಕ್ಕೂ ಸೇರಬೇಕು. ಮನೆಯಲ್ಲಿದ್ದರೂ ಕೆಲವೇ ನಿಮಿಷಗಳಲ್ಲಿ ಬರಬೇಕಾದವನಿಗೂ ಹಾಗೆಯೇ. ಗಂಟೆಗಟ್ಟಲೆ ಸಾವಕಾಶವಿರುವವನಿಗೆ ಒಂದು ಭಾಗ ಸಾಕು. ಆದರೆ ಅದು ಎಷ್ಟೆಂಬುದು ಮೊದಲೇ ಗೊತ್ತಾಗಿರಬೇಕು, ಮತ್ತು ಕರೆ ಬಂದು ಹೊರಟನೆಂದರೆ ಹೊಸ್ತಿಲು ದಾಟಿದ ಕ್ಷಣದಿಂದ ಪೂರ್ಣ ದರ ಹಿಡಿಯಬೇಕು. ಹತ್ತು ನಿಮಿಷದ ಕೆಲಸವೆಂದು ಹತ್ತು ನಿಮಿಷಕ್ಕೆ ಕಾಸು ಎಣಿಸಿ ಕೊಡುವುದು ಕೃಪಣತನ. ಮಧ್ಯರಾತ್ರಿಯಲ್ಲಿ ಎಬ್ಬಿಸಲ್ಪಟ್ಟವನ ನಿದ್ರೆ ಹತ್ತು ನಿಮಿಷದಲ್ಲಿ ಮರಳಿ ಬರುವುದಿಲ್ಲ.

ತಪಾಸಣೆಯ ವಿಷಯವು ಇದಕ್ಕಿಂತ ತೊಡಕಿನದು. ಇದಕ್ಕೆ ಕೂಲಿಯನ್ನು ಎಷ್ಟು ಕೊಡಬೇಕೆಂಬುದಕ್ಕಿಂತ ಹೇಗೆ ಕೊಡಬೇಕೆಂಬುದು ಮುಖ್ಯ. ಅದೇ 1948ರ ಕಾಯಿದೆಯ 22ನೆಯ ಕಲಮನ್ನು ನೋಡಿ. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸಬೇಕಾದಾಗ, ಅದಕ್ಕಾಗಿ ವಿಶೇಷ ಶಿಕ್ಷಣ ಪಡೆದ, ರಿಜಿಸ್ಟರಿನಲ್ಲಿ ಹೆಸರು ಬರೆದಿರುವ ವಯಸ್ಕ ಪುರುಷನೇ ಪರೀಕ್ಷಿಸತಕ್ಕದ್ದು. ಅವನು ಮೈಗೆ ಬಿಗಿಯಾದ ಉಡುಪನ್ನು ಧರಿಸಿರತಕ್ಕದ್ದು. ಆ ಉಡುಪನ್ನು ಕಾರ್ಖಾನೆಯವರೇ ಕೊಡತಕ್ಕದ್ದು ಎಂದು ಅಲ್ಲಿ ವಿಧಿಸಿತ್ತು. ಅಪಾಯವನ್ನು ಎಷ್ಟು ಚೆನ್ನಾಗಿ ಅರಿತು ಬರೆದ ಮಾತು! ಸಡಿಲವಾದ ಒಂದು ಅಂಗಿಯ ತುದಿ ಸಿಕ್ಕಿದರೆ ಮನುಷ್ಯನನ್ನೇ ಪಟ್ಟಿ ಎಳೆದುಕೊಳ್ಳುತ್ತದೆ. ಆ ಕಲಮಿನಲ್ಲಿ ಉಡುಪಿನ ಮಾತಿದೆ, ಶಿಕ್ಷಣದ ಮಾತಿದೆ, ರಿಜಿಸ್ಟರಿನ ಮಾತಿದೆ. ಹೆಚ್ಚಿನ ಕೂಲಿಯ ಮಾತು ಮಾತ್ರ ಇಲ್ಲ.

ಅದು ಒಪ್ಪಂದಕ್ಕೆ ಬಿಟ್ಟ ವಿಷಯವೆಂದು ಇಟ್ಟುಕೊಳ್ಳೋಣ. ಒಪ್ಪಂದದಲ್ಲಿ ಹೇಗೆ ಬರೆಯುವುದು? ಕಂಡುಹಿಡಿದ ದೋಷವೊಂದಕ್ಕೆ ಇಷ್ಟೆಂದು ಕೊಟ್ಟರೆ, ದೋಷಗಳು ಬೆಳೆಯುತ್ತವೆ. ಸಣ್ಣ ಬಿರುಕನ್ನು ಇಂದೇ ಹೇಳಿ ಸರಿಪಡಿಸುವುದಕ್ಕಿಂತ ಅದು ದೊಡ್ಡದಾಗುವವರೆಗೆ ಕಾದು ಹೇಳುವುದು ಲಾಭಕರವಾಗುತ್ತದೆ. ದೋಷವಿಲ್ಲದ ತಿಂಗಳಿಗೆ ಇನಾಮು ಎಂದರೆ, ದೋಷಗಳು ಪುಸ್ತಕದಿಂದ ಮಾಯವಾಗುತ್ತವೆ, ಯಂತ್ರದಿಂದಲ್ಲ. ಮೂರನೆಯ ಮಾರ್ಗವೊಂದು ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ: ಉತ್ಪತ್ತಿಯ ಇನಾಮಿನಲ್ಲಿಯೇ ತಪಾಸಣೆಯವನಿಗೂ ಒಂದು ಪಾಲು. ಮೇಲ್ನೋಟಕ್ಕೆ ಇದು ಉದಾರವಾಗಿ ಕಾಣುತ್ತದೆ. ಆದರೆ ಯಂತ್ರವನ್ನು ನಿಲ್ಲಿಸಿ ಎನ್ನಬೇಕಾದವನಿಗೆ, ನಿಲ್ಲಿಸಿದಷ್ಟು ಹೊತ್ತು ತನ್ನ ಪಾಲು ಕರಗುವಂತೆ ಏರ್ಪಡಿಸಿದರೆ, ಅವನ ನಾಲಗೆಗೆ ನಾವೇ ಬೀಗ ಹಾಕಿದಂತಾಗಲಿಲ್ಲವೆ? ಅವನೊಬ್ಬನ ಪಾಲು ಮಾತ್ರವಲ್ಲ, ಜೊತೆಯವರ ಪಾಲೂ ಕರಗುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರ ಮುಖವನ್ನು ಅವನು ನೋಡಬೇಕು.

ಆದುದರಿಂದ ತಪಾಸಣೆಯ ಭತ್ಯವು ಫಲಕ್ಕೆ ಕಟ್ಟಿದ್ದಾಗಿರಬಾರದು, ಸುತ್ತಿಗೆ ಕಟ್ಟಿದ್ದಾಗಿರಬೇಕು. ಇಷ್ಟು ಹೊತ್ತಿಗೆ ಇಂಥ ಕಡೆ ಹೋಗಿ ಇಂಥದನ್ನು ನೋಡಿ ಬರೆದನೆ? ಬರೆದನೆಂದರೆ ಭತ್ಯ ಸಂದಿತು. ದೋಷ ಕಂಡಿತೋ ಬಿಟ್ಟಿತೋ ಬೇರೆ ಮಾತು. ರೈಲು ದಾರಿಯ ಕೀಮನ್ ಎಂಬ ನೌಕರನು ಸುತ್ತಿಗೆಯನ್ನು ಹೆಗಲಿಗೇರಿಸಿ ದಿನವೂ ತನ್ನ ಪಾಲಿನ ಮೈಲಿಗಳನ್ನು ನಡೆದು, ಸಡಿಲಾದ ಕೀಲುಗಳನ್ನು ಬಡಿದು ಬಿಗಿಮಾಡಿ ಬರುತ್ತಾನೆ. ಮಳೆಗಾಲದಲ್ಲಿ ರಾತ್ರಿಯ ಗಸ್ತಿನವರು ಲಾಂದ್ರ ಹಿಡಿದು ಅದೇ ದಾರಿಯನ್ನು ನಡೆಯುತ್ತಾರೆ. ನೂರು ರಾತ್ರಿ ನಡೆದು ಏನೂ ಕಾಣದವನು ನೂರು ರಾತ್ರಿಯ ಕೆಲಸವನ್ನು ಮಾಡಿದ್ದಾನೆ. ಕಾಣಲಿಲ್ಲವೆಂಬ ಸುದ್ದಿಯೇ ಅವನು ತಂದುಕೊಟ್ಟ ಸರಕು. ಆ ಸುದ್ದಿಯನ್ನು ನಂಬಿಯೇ ಬೆಳಗಿನ ರೈಲನ್ನು ಬಿಡುವುದು.

ಈ ಸರಕನ್ನು ಖರ್ಚಿನ ಬಾಬೆಂದು ಕಡಮೆಮಾಡಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1984ರ ಡಿಸೆಂಬರು 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಮಂದಿ ಸತ್ತರು. ಆ ವಿಷದ್ರವವನ್ನು ತಂಪಾಗಿಡತಕ್ಕ ಯಂತ್ರವು ಆ ವರ್ಷದ ಜೂನ್ ತಿಂಗಳಿನಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡತಕ್ಕ ಗೋಪುರಕ್ಕೆ ಹೋಗುವ ಕೊಳವೆಯಲ್ಲಿ ತುಕ್ಕುಹಿಡಿದ ತುಂಡೊಂದನ್ನು ಬಿಚ್ಚಿದ್ದರು, ಬದಲು ಜೋಡಿಸಿರಲಿಲ್ಲ. ಆ ವಿಭಾಗದಲ್ಲಿ ಹಿಂದೆ 12 ಮಂದಿ ಇದ್ದ ಕಡೆ 6 ಮಂದಿ ಉಳಿದಿದ್ದರು. ರಾತ್ರಿ ಪಾಳಿಯ ದುರಸ್ತಿ ಮೇಲ್ವಿಚಾರಕನ ಹುದ್ದೆಯನ್ನು ಸ್ವಲ್ಪ ಕಾಲದ ಹಿಂದೆಯೇ ತೆಗೆದುಹಾಕಿದ್ದರು. ಅಷ್ಟು ದೊಡ್ಡ ದುರಂತಕ್ಕೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಈ ಕಡಿತಗಳೆಲ್ಲ ಉಳಿತಾಯವೆಂದೇ ಕಂಡಿರಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ದಿಡ್ಡಿಯನ್ನು ಕಾಯುವವನನ್ನೇ ಸಂಬಳ ಉಳಿಯಲೆಂದು ಮೊದಲೇ ಮನೆಗೆ ಕಳುಹಿಸಿದ್ದಾಯಿತು.

ಯಜಮಾನರ ಪೂರ್ವಪಕ್ಷವನ್ನೂ ಕೇಳಬೇಕು. ಮಲಗಿದವನಿಗೆ ಕೂಲಿ ಕೊಟ್ಟರೆ ಎಲ್ಲರೂ ಮಲಗುವ ಕೆಲಸವನ್ನೇ ಬಯಸುವರೆಂಬುದು ಒಂದು ಆಕ್ಷೇಪಣೆ. ಬಯಸಲಿ, ಮನೆಯನ್ನು ಬಿಟ್ಟು ವಾರಕ್ಕೆ ನಾಲ್ಕು ರಾತ್ರಿ ಮಲಗುವ ಸುಖವನ್ನು ಅನುಭವಿಸಿದ ಮೇಲೆ ಬಯಕೆ ತಾನೇ ಅಡಗುತ್ತದೆ. ಸಣ್ಣ ಕಾರ್ಖಾನೆಗಳಿಗೆ ಈ ಭಾರವನ್ನು ಹೊರಲಾಗದೆಂಬುದು ಇನ್ನೊಂದು. ಇದರಲ್ಲಿ ಸತ್ಯವಿದೆ. ಹತ್ತು ಮಂದಿಯ ಕಾರ್ಖಾನೆಯು ರಾತ್ರಿಯೆಲ್ಲ ಒಬ್ಬನನ್ನು ಪೂರ್ಣ ದರದ ಮೇಲೆ ಕಾಯಿಸುವುದು ಕಷ್ಟ. ಆದರೆ ಒಂದೇ ಪೇಟೆಯ ಹತ್ತು ಕಾರ್ಖಾನೆಗಳು ಸೇರಿ ಒಬ್ಬ ವಿದ್ಯುತ್ ಕೆಲಸಗಾರನನ್ನೂ ಒಬ್ಬ ಬಾಯ್ಲರ್ ಬಲ್ಲವನನ್ನೂ ಸರದಿಯ ಮೇಲೆ ಇಟ್ಟುಕೊಳ್ಳುವುದಕ್ಕೆ ಅಡ್ಡಿಯೇನು? ಒಂದು ಕೆರೆಯ ಕೆಳಗಿನ ರೈತರೆಲ್ಲ ಸೇರಿ ಒಬ್ಬ ನೀರುಗಂಟಿಯನ್ನು ಇಟ್ಟುಕೊಂಡಿರಲಿಲ್ಲವೆ?

ಇದಕ್ಕೆ ಪ್ರತಿಯಾಗಿ ಕೆಲಸಗಾರರ ಕಡೆಯವರಿಗೂ ನಾವು ಒಂದು ಮಾತನ್ನು ಹೇಳಬೇಕಾಗಿದೆ. ಭತ್ಯ ದೊರೆಯುತ್ತದೆಂದು ಎಷ್ಟು ರಾತ್ರಿಯಾದರೂ ಕಾಯಲು ಒಪ್ಪುವುದು ಸರಿಯಲ್ಲ. ಹಣವು ನಿದ್ರೆಗೆ ಬದಲಾಗಲಾರದು. ಜರ್ಮನಿಯ ಕೀಲ್ ನಗರದ ಆಸ್ಪತ್ರೆಯಲ್ಲಿ ಸರದಿಯ ವೈದ್ಯರಿಗೆ ಕೋಣೆಯೂ ಹಾಸಿಗೆಯೂ ಇದ್ದುವು, ಕರೆಯಿಲ್ಲದಾಗ ಮಲಗಬಹುದಾಗಿತ್ತು. ಆದರೂ ಅಲ್ಲಿದ್ದ ಹೊತ್ತೆಲ್ಲ ದುಡಿಮೆಯ ಹೊತ್ತು, ಅದನ್ನು ವಿಶ್ರಾಂತಿಯೆಂದು ಎಣಿಸಲಾಗದು ಎಂದು 2003ರಲ್ಲಿ ಯೂರೋಪಿನ ನ್ಯಾಯಸ್ಥಾನ ತೀರ್ಮಾನಿಸಿತು. ಆ ತೀರ್ಪಿನ ವಿಷಯ ಕೂಲಿಯಲ್ಲ, ವಿಶ್ರಾಂತಿ. ರಾತ್ರಿ ಕಾದವನನ್ನು ಬೆಳಗ್ಗೆ ಮತ್ತೆ ಕೆಲಸಕ್ಕೆ ನಿಲ್ಲಿಸಬಾರದೆಂಬ ನಿಯಮವನ್ನು ಭತ್ಯದ ಆಸೆಗಾಗಿ ಕೆಲಸಗಾರರ ಸಂಘವು ಬಿಟ್ಟುಕೊಟ್ಟರೆ, ಅದು ಕೊಂಡದ್ದಕ್ಕಿಂತ ಮಾರಿದ್ದೇ ಹೆಚ್ಚಾಗುತ್ತದೆ. ಒಂದು ಸರದಿಗೂ ಮತ್ತೊಂದು ಸರದಿಗೂ ನಡುವೆ ಇರಬೇಕಾದ ಬಿಡುವನ್ನು ಭತ್ಯದ ದರದ ಮಗ್ಗುಲಲ್ಲಿಯೇ ಬರೆದಿಡುವುದು ಮೇಲು.

ಒಪ್ಪಂದವನ್ನು ಬರೆಯುವವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ಯಾರು ಯಾವ ರಾತ್ರಿ ಕಾಯಬೇಕೆಂಬುದನ್ನು ಮೇಸ್ತ್ರಿಯು ಆ ದಿನ ಸಂಜೆ ಬಾಯಿಮಾತಿನಲ್ಲಿ ಹೇಳುವ ವಾಡಿಕೆ ಹಲವು ಕಡೆ ಇದೆ. ಹಾಗೆ ಹೇಳಿದರೆ, ಸರದಿಯಿಲ್ಲದವನೂ ಸರದಿ ಬರಬಹುದೆಂದು ಕಾಯುತ್ತಾನೆ. ಒಬ್ಬನಿಗೆ ಭತ್ಯ ಕೊಟ್ಟು ಐವರನ್ನು ಕಟ್ಟಿಹಾಕಿದಂತಾಗುತ್ತದೆ. ಸರದಿಯ ಪಟ್ಟಿಯನ್ನು ಹದಿನೈದು ದಿನ ಮುಂಚಿತವಾಗಿಯೇ ಬರೆದು ಫಲಕಕ್ಕೆ ಹಚ್ಚಬೇಕು. ಮಗಳ ಮನೆಗೋ ತಂದೆಯ ತಿಥಿಗೋ ಹೋಗಬೇಕಾದವನು ಜೊತೆಗಾರನೊಡನೆ ಮಾತಾಡಿ ರಾತ್ರಿಯನ್ನು ಬದಲಾಯಿಸಿಕೊಳ್ಳುವುದಕ್ಕೆ ಅಷ್ಟು ದಿನಗಳಾದರೂ ಬೇಕು.